ಕಣ್ಣರೆಪ್ಪೆಯ ಕ್ಯಾನ್ಸರ್: ಮಾಯದ ಗುಳ್ಳೆಯನ್ನು ಕಡೆಗಣಿಸದಿರೋಣ

ಮಕ್ಕಳನ್ನು ಜೋಪಾನವಾಗಿ ಬೆಳೆಸಿದ ತಾಯಿಯನ್ನು ಹೊಗಳುವಾಗ, ‘ಕಣ್ಣನ್ನು ರೆಪ್ಪೆ ಕಾಯುವಂತೆ ಕಾಯ್ದಳು’ ಎನ್ನುವುದು ನಮ್ಮ ನುಡಿಯ ವಾಡಿಕೆ. ಆ ರೆಪ್ಪೆಯನ್ನು ಕಾಯುವವರು ಯಾರು ಎಂದು ಮಾತ್ರ ನಾವು ಸಾಮಾನ್ಯವಾಗಿ ಕೇಳಿಕೊಳ್ಳುವುದಿಲ್ಲ. ಧೂಳು, ಗಾಳಿ, ಬೆವರು, ಬಿಸಿಲು ಎಲ್ಲವೂ ಮೊದಲು ಬಂದು ಬೀಳುವುದು ರೆಪ್ಪೆಯ ಮೇಲೆಯೇ. ಇಡೀ ದೇಹದಲ್ಲಿ ಅತ್ಯಂತ ತೆಳುವಾದ ಚರ್ಮ ಇರುವುದೂ ಅಲ್ಲಿಯೇ. ಅದರ ದಪ್ಪ ಒಂದು ಮಿಲಿಮೀಟರಿಗೂ ಕಡಿಮೆ. ಚರ್ಮಕ್ಕೆ ತಗಲುವ ಕ್ಯಾನ್ಸರುಗಳಲ್ಲಿ ನೂರಕ್ಕೆ ಐದರಿಂದ ಹತ್ತು ಈ ಬೆರಳಗಲದ ಜಾಗದಲ್ಲಿ ಕಾಣಿಸಿಕೊಳ್ಳುತ್ತವೆ ಎಂದು ವೈದ್ಯಗ್ರಂಥಗಳು ಹೇಳುತ್ತವೆ.

ಈ ರೋಗದ ವಿಚಾರದಲ್ಲಿ ಎರಡು ಮಾತುಗಳನ್ನು ಒಟ್ಟಿಗೆ ನೆನಪಿಡಬೇಕು. ರೆಪ್ಪೆಯ ಮೇಲೆ ಏಳುವ ಗುಳ್ಳೆಗಳಲ್ಲಿ ಬಹುಪಾಲು ನಿರಪಾಯಕರವಾದವು. ಅವುಗಳನ್ನು ಕಂಡು ಹೆದರಬೇಕಾಗಿಲ್ಲ. ಉಳಿದ ಕೆಲವು ಮಾತ್ರ ನಿರಪಾಯಕರ ಗುಳ್ಳೆಯ ವೇಷವನ್ನೇ ತೊಟ್ಟು ಬರುತ್ತವೆ. ಬೇಗ ಗುರುತಿಸಿದರೆ ಸಣ್ಣ ಶಸ್ತ್ರಚಿಕಿತ್ಸೆಯಲ್ಲಿ ಮುಗಿಯುತ್ತದೆ. ತಡಮಾಡಿದರೆ ಕಣ್ಣನ್ನೇ ತೆಗೆಯಬೇಕಾಗಬಹುದು, ಕೆಲವೊಮ್ಮೆ ಜೀವಕ್ಕೂ ಸಂಚಕಾರ ಬರಬಹುದು. ‘ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ತೆಗೆದುಕೊಂಡರು’ ಎಂಬ ಗಾದೆ ಈ ರೋಗಕ್ಕೆ ಒಪ್ಪುವಷ್ಟು ಬೇರೆ ಯಾವುದಕ್ಕೂ ಒಪ್ಪಲಾರದು.

ಗೋವೆಯ ಬಿಸಿಲು, ನಮ್ಮವರ ದುಡಿಮೆ

2011ರ ಜನಗಣತಿಯ ಪ್ರಕಾರ ಗೋವೆಯ ನೂರು ಮಂದಿಯಲ್ಲಿ ನಾಲ್ಕೈದು ಮಂದಿಯ ಮಾತೃಭಾಷೆ ಕನ್ನಡ. ವಿಜಯಪುರ, ಬಾಗಲಕೋಟೆ, ಗದಗ, ಹಾವೇರಿ, ಧಾರವಾಡ, ಬೆಳಗಾವಿಯ ಕಡೆಗಳಿಂದ ಬಂದು ಬೈನಾ, ಝುವಾರಿನಗರ, ಮಡಗಾವ, ಫೋಂಡಾ, ಮಾಪುಸಾಗಳಲ್ಲಿ ನೆಲೆಸಿದ ಕುಟುಂಬಗಳಲ್ಲಿ ಬಿಸಿಲಿನಲ್ಲಿ ದುಡಿಯುವವರೇ ಹೆಚ್ಚು. ಕಟ್ಟಡದ ಕೆಲಸ, ರಸ್ತೆಯ ಕೆಲಸ, ಬಂದರಿನ ಹಮಾಲಿ, ಕಡಲತೀರದಲ್ಲಿ ಬಟ್ಟೆ ಮತ್ತು ಮಣಿಸರಗಳ ಮಾರಾಟ, ತರಕಾರಿಯ ಗಾಡಿ ಇವೆಲ್ಲ ನೆರಳಿಲ್ಲದ ದುಡಿಮೆಗಳು.

ಗೋವೆ ಇರುವುದು ಸಮಭಾಜಕದಿಂದ ಉತ್ತರಕ್ಕೆ ಸುಮಾರು ಹದಿನೈದೂವರೆ ಡಿಗ್ರಿ ಅಕ್ಷಾಂಶದಲ್ಲಿ. ಇಲ್ಲಿ ಸೂರ್ಯನು ವರ್ಷಕ್ಕೆ ಎರಡು ಬಾರಿ, ಮೇ ತಿಂಗಳ ಆರಂಭದಲ್ಲಿ ಮತ್ತು ಆಗಸ್ಟಿನ ನಡುಭಾಗದ ಹೊತ್ತಿಗೆ, ನೆತ್ತಿಯ ಮೇಲೆ ನೇರವಾಗಿ ಬರುತ್ತಾನೆ. ಆಗಸ್ಟಿನಲ್ಲಿ ಮಳೆಮೋಡದ ಮರೆ ಇರುತ್ತದೆ. ಮೇ ತಿಂಗಳಲ್ಲಿ ಅದೂ ಇರುವುದಿಲ್ಲ. ಬಿಸಿಲಿನಲ್ಲಿ ಕಣ್ಣಿಗೆ ಕಾಣದ ನೇರಳಾತೀತ ಕಿರಣಗಳಿರುತ್ತವೆ. ಚರ್ಮದ ಜೀವಕೋಶಗಳೊಳಗಿನ ವಂಶವಾಹಿ ತಂತುಗಳಿಗೆ ಈ ಕಿರಣಗಳು ಪೆಟ್ಟು ಕೊಡುತ್ತವೆ. ದೇಹವು ಆ ಪೆಟ್ಟನ್ನು ದಿನದಿನವೂ ದುರಸ್ತಿ ಮಾಡಿಕೊಳ್ಳುತ್ತದೆಯಾದರೂ, ಹತ್ತಾರು ವರ್ಷಗಳಲ್ಲಿ ದುರಸ್ತಿಯಾಗದೆ ಉಳಿದವು ಕೂಡುತ್ತ ಹೋಗುತ್ತವೆ. ಐವತ್ತು ಅರವತ್ತು ದಾಟಿದ ಮೇಲೆಯೇ ಚರ್ಮದ ಕ್ಯಾನ್ಸರ್ ಹೆಚ್ಚಾಗಿ ಕಾಣಿಸಿಕೊಳ್ಳುವುದಕ್ಕೆ ಇದು ಮುಖ್ಯ ಕಾರಣ.

ಕಡಲತೀರದಲ್ಲಿ ಬಿಸಿಲು ಮೇಲಿನಿಂದ ಮಾತ್ರ ಬರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ ಒಣ ಮರಳು ತನ್ನ ಮೇಲೆ ಬಿದ್ದ ನೇರಳಾತೀತ ಕಿರಣಗಳಲ್ಲಿ ಸುಮಾರು ನೂರಕ್ಕೆ ಹದಿನೈದರಷ್ಟನ್ನು, ಕಡಲ ನೊರೆಯು ಇಪ್ಪತ್ತೈದರಷ್ಟನ್ನು ಹಿಂದಕ್ಕೆ ಚಿಮ್ಮುತ್ತವೆ. ತಲೆಗೆ ಸುತ್ತಿದ ರುಮಾಲು, ಹೊದ್ದ ಸೆರಗು ಹಣೆಯನ್ನು ಕಾಯುತ್ತವೆಯೇ ಹೊರತು ಕೆಳಗಿನಿಂದ ಬರುವ ಈ ಬೆಳಕಿನಿಂದ ಕೆಳರೆಪ್ಪೆಯನ್ನು ಕಾಯಲಾರವು.

ನಮ್ಮ ಕಂದು ಮೈಬಣ್ಣವೇ ನಮಗೊಂದು ಕೊಡೆ ಎಂಬ ಮಾತು ಬಹುಮಟ್ಟಿಗೆ ನಿಜ. ಚರ್ಮದಲ್ಲಿರುವ ಮೆಲನಿನ್ ಎಂಬ ವರ್ಣದ್ರವ್ಯ ಕಿರಣಗಳನ್ನು ಹೀರಿಕೊಳ್ಳುವುದರಿಂದ ಬಿಳಿಯರಿಗಿಂತ ನಮ್ಮಲ್ಲಿ ಚರ್ಮದ ಕ್ಯಾನ್ಸರ್ ಬಹಳ ಕಡಿಮೆ. ಆದರೆ ಕಡಿಮೆ ಎಂದರೆ ಇಲ್ಲವೆಂದಲ್ಲ. ಮೇಲಾಗಿ, ರೆಪ್ಪೆಯ ಕ್ಯಾನ್ಸರುಗಳಲ್ಲಿ ನಮ್ಮ ದೇಶದಲ್ಲಿ ಹೆಚ್ಚಾಗಿ ಕಾಣುವ ಬಗೆಯೊಂದಕ್ಕೆ ಮೈಬಣ್ಣದ ಈ ರಕ್ಷಣೆ ಸಾಕಾಗುವುದಿಲ್ಲ.

ನಾಲ್ಕು ಬಗೆಗಳು

ರೆಪ್ಪೆಯ ಕ್ಯಾನ್ಸರುಗಳಲ್ಲಿ ಜಗತ್ತಿನಲ್ಲಿ ಅತ್ಯಂತ ಪ್ರಸಿದ್ಧವಾದುದು ಬೇಸಲ್ ಸೆಲ್ ಕಾರ್ಸಿನೋಮ. ಚರ್ಮದ ಮೇಲ್ಪದರದ ಬುಡದಲ್ಲಿರುವ ಕೋಶಗಳಿಂದ ಹುಟ್ಟುವ ಇದನ್ನು 1827ರಷ್ಟು ಹಿಂದೆಯೇ ಐರ್ಲೆಂಡಿನ ಡಬ್ಲಿನ್ ನಗರದ ನೇತ್ರವೈದ್ಯ ಆರ್ಥರ್ ಜೇಕಬ್ ರೆಪ್ಪೆಗಳನ್ನು ಕೊರೆಯುವ ವಿಚಿತ್ರ ಹುಣ್ಣು ಎಂದು ವರ್ಣಿಸಿದ್ದರು. ಕೆಳರೆಪ್ಪೆಯಲ್ಲಿ, ಅಥವಾ ಮೂಗಿನ ಪಕ್ಕದ ಕಣ್ಣಿನ ಮೂಲೆಯಲ್ಲಿ ಇದು ಹೆಚ್ಚು. ಮುತ್ತಿನಂತೆ ಹೊಳೆಯುವ ಸಣ್ಣ ಗಂಟು, ಅದರ ಮೇಲೆ ನವಿರಾದ ರಕ್ತನಾಳಗಳು, ಕಾಲಕ್ರಮದಲ್ಲಿ ನಡುವೆ ಹುಣ್ಣಾಗಿ ಸುತ್ತ ಸುರುಳಿಗಟ್ಟಿದಂತಹ ಅಂಚು. ಇದು ಅದರ ರೂಪ. ನಮ್ಮವರ ಮೈಬಣ್ಣದಲ್ಲಿ ಇದು ಅನೇಕ ವೇಳೆ ಕಪ್ಪಾಗಿಯೇ ಕಾಣುವುದರಿಂದ ಮಚ್ಚೆಯೆಂದು ಭ್ರಮಿಸುವುದುಂಟು. ಇದು ದೂರದ ಅಂಗಗಳಿಗೆ ಹರಡುವುದು ತೀರ ಅಪರೂಪ. ಆದರೆ ಇದ್ದಲ್ಲಿಯೇ ಇಲಿ ಕೊರೆದಂತೆ ಆಳಕ್ಕೆ ಕೊರೆಯುತ್ತ ಕಣ್ಣಿನ ಗೂಡಿನೊಳಕ್ಕೆ ಇಳಿಯಬಲ್ಲದು.

ಎರಡನೆಯದು ಸೆಬೇಶಿಯಸ್ ಗ್ರಂಥಿಯ ಕಾರ್ಸಿನೋಮ. ರೆಪ್ಪೆಗಳ ಒಳಗೆ ಸಾಲಾಗಿ ನಿಂತ ಎಣ್ಣೆಯ ಗ್ರಂಥಿಗಳಿವೆ. ಮೇಲ್ರೆಪ್ಪೆಯಲ್ಲಿ ಮೂವತ್ತರ ಆಸುಪಾಸು, ಕೆಳರೆಪ್ಪೆಯಲ್ಲಿ ತುಸು ಕಡಿಮೆ. ಕಣ್ಣೀರು ಬೇಗ ಆರದಂತೆ ಅದರ ಮೇಲೆ ತೆಳುವಾದ ಎಣ್ಣೆಪದರವನ್ನು ಹರಡುವುದು ಅವುಗಳ ಕೆಲಸ. ಪಾಶ್ಚಾತ್ಯ ದೇಶಗಳಲ್ಲಿ ಈ ಗ್ರಂಥಿಗಳ ಕ್ಯಾನ್ಸರ್ ಅಪರೂಪ. ಭಾರತದಲ್ಲಿ ಹಾಗಲ್ಲ. ಹೈದರಾಬಾದಿನ ಎಲ್.ವಿ. ಪ್ರಸಾದ್ ನೇತ್ರ ಸಂಸ್ಥೆಯ ವೈದ್ಯರು 2019ರಲ್ಲಿ ಪ್ರಕಟಿಸಿದ 536 ರೋಗಿಗಳ ಅಧ್ಯಯನದಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಇದ್ದುದು ಈ ಬಗೆಯೇ. ಬೇಸಲ್ ಸೆಲ್ ಬಗೆಯವರು ಸುಮಾರು ಕಾಲುಭಾಗ ಮಾತ್ರ. ಇದಕ್ಕೂ ಬಿಸಿಲಿಗೂ ಇರುವ ನಂಟು ಸ್ಪಷ್ಟವಾಗಿ ಸಿದ್ಧವಾಗಿಲ್ಲ. ಹೀಗಾಗಿ ಜೀವನವೆಲ್ಲ ಮನೆಯೊಳಗೇ ಕಳೆದ ಅಜ್ಜಿಗೂ ಇದು ಬರಬಹುದು.

ಮೂರನೆಯದು ಸ್ಕ್ವೇಮಸ್ ಸೆಲ್ ಕಾರ್ಸಿನೋಮ. ಹೊಪ್ಪಳೆಯಂತೆ ಒರಟಾಗಿ, ಕೆಲವೊಮ್ಮೆ ರಕ್ತ ಒಸರುವ ಹುಣ್ಣಾಗಿ ಬೆಳೆಯುವ ಇದಕ್ಕೆ ಬಿಸಿಲಿನ ನಂಟು ಗಟ್ಟಿಯಾದುದು. ಮೂತ್ರಪಿಂಡದ ಕಸಿ ಮಾಡಿಸಿಕೊಂಡು ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧ ತೆಗೆದುಕೊಳ್ಳುವವರಲ್ಲಿ, ಎಚ್‌ಐವಿ ಸೋಂಕಿರುವವರಲ್ಲಿ, ದೀರ್ಘಕಾಲ ಪಾಷಾಣ ದೇಹಕ್ಕೆ ಸೇರಿದವರಲ್ಲಿ ಇದರ ಅಪಾಯ ಹೆಚ್ಚು. ನಾಲ್ಕನೆಯದಾದ ಮೆಲನೋಮ ರೆಪ್ಪೆಯಲ್ಲಿ ತೀರ ವಿರಳ. ಆದರೆ ಬೇಗ ಹರಡುವಂಥದು. ಹಳೆಯ ಮಚ್ಚೆ ಏಕಾಏಕಿ ದೊಡ್ಡದಾದರೆ, ಬಣ್ಣ ಬದಲಿಸಿದರೆ, ಅಂಚು ಚದರಿದಂತಾದರೆ ವೈದ್ಯರಿಗೆ ತೋರಿಸಲೇಬೇಕು.

ವೇಷ ಮರೆಸಿದ ರೋಗ

ರೆಪ್ಪೆಯ ಮೇಲೆ ಕುರು ಎದ್ದರೆ ಬೆರಳನ್ನು ಅಂಗೈಗೆ ತಿಕ್ಕಿ ಬಿಸಿಮಾಡಿ ಒತ್ತುವುದು, ಲವಂಗ ತೇದು ಹಚ್ಚುವುದು ನಮ್ಮ ಮನೆಗಳ ಹಳೆಯ ಪದ್ಧತಿ. ಕುರುವಿಗೆ ಬಿಸಿಶಾಖ ಒಳ್ಳೆಯದೇ. ಶುದ್ಧವಾದ ಬಟ್ಟೆಯನ್ನು ಬೆಚ್ಚನೆಯ ನೀರಿನಲ್ಲಿ ಅದ್ದಿ ಶಾಖ ಕೊಡುವಂತೆ ವೈದ್ಯರೂ ಹೇಳುತ್ತಾರೆ. ಲವಂಗ, ಸುಣ್ಣ ಮುಂತಾದ ಕಟುವಾದ ಪದಾರ್ಥಗಳು ಮಾತ್ರ ಕಣ್ಣಿನ ಹತ್ತಿರ ಸುಳಿಯಬಾರದು. ಸಾಮಾನ್ಯ ಕುರು ನೋವು, ಕೆಂಪು, ಕೀವಿನೊಂದಿಗೆ ಬಂದು ಒಂದೆರಡು ವಾರಗಳಲ್ಲಿ ಹೋಗುತ್ತದೆ. ಎಣ್ಣೆಯ ಗ್ರಂಥಿಯ ಬಾಯಿ ಕಟ್ಟಿ ಉಂಟಾಗುವ, ಕಲೇಜಿಯನ್ ಎಂದು ಕರೆಯುವ ನೋವಿಲ್ಲದ ಗಂಟು ಇನ್ನೂ ಕೆಲವು ವಾರ ಉಳಿಯಬಹುದು. ಕರಗದಿದ್ದರೆ ವೈದ್ಯರು ಸಣ್ಣದಾಗಿ ಸೀಳಿ ಹೆರೆದು ತೆಗೆಯುತ್ತಾರೆ.

ಸೆಬೇಶಿಯಸ್ ಕ್ಯಾನ್ಸರ್ ಹುಟ್ಟುವುದೂ ಅದೇ ಗ್ರಂಥಿಯಲ್ಲಿ. ಮೊದಮೊದಲು ಅದು ಕಾಣುವುದೂ ಅದೇ ನೋವಿಲ್ಲದ ಗಂಟಿನಂತೆ. ನೋವಿಲ್ಲದ್ದರಿಂದ ರೋಗಿ ಅವಸರಪಡುವುದಿಲ್ಲ. ಹೆರೆದು ತೆಗೆದ ಮೇಲೆ ಕೆಲ ತಿಂಗಳಿಗೆ ಅದೇ ಜಾಗದಲ್ಲಿ ಗಂಟು ಮತ್ತೆ ಏಳುತ್ತದೆ, ಮತ್ತೆ ಹೆರೆಯುತ್ತಾರೆ. ಹೀಗೆಯೇ ವರ್ಷ ಉರುಳಿಹೋಗುತ್ತದೆ. ಇನ್ನು ಕೆಲವರಲ್ಲಿ ಗಂಟೇ ಇರುವುದಿಲ್ಲ. ರೆಪ್ಪೆಯ ಅಂಚೆಲ್ಲ ದಪ್ಪಗಾಗಿ, ಒಂದೇ ಕಣ್ಣು ತಿಂಗಳುಗಟ್ಟಲೆ ಕೆಂಪಾಗಿರುತ್ತದೆ. ಕಣ್ಣು ಬಂದಿದೆ ಎಂದುಕೊಂಡು ಒಂದರ ಮೇಲೊಂದು ಹನಿಮದ್ದು ಹಾಕುತ್ತ ಹೋಗುತ್ತಾರೆ.

ಈ ಕೆಳಗಿನ ಗುರುತುಗಳಲ್ಲಿ ಒಂದು ಕಂಡರೂ ಕಣ್ಣಿನ ವೈದ್ಯರ ಬಳಿಗೆ ಹೋಗಲು ತಡಮಾಡಬಾರದು.

ಒಂದು, ನಾಲ್ಕಾರು ವಾರ ಕಳೆದರೂ ಮಾಯದ ಗಂಟು ಅಥವಾ ಹುಣ್ಣು.
ಎರಡು, ತೆಗೆಸಿದ ಜಾಗದಲ್ಲಿಯೇ ಮರಳಿ ಏಳುವ ಗಂಟು, ವಿಶೇಷವಾಗಿ ನಲವತ್ತು ದಾಟಿದವರಲ್ಲಿ.
ಮೂರು, ಗಂಟು ಇರುವ ಕಡೆಯಲ್ಲಿ ರೆಪ್ಪೆಗೂದಲು ಉದುರಿ ಬೋಳಾಗುವುದು.
ನಾಲ್ಕು, ಮುಟ್ಟಿದರೆ ರಕ್ತ ಒಸರುವುದು, ಹೊಪ್ಪಳೆ ಬಿದ್ದು ಮತ್ತೆ ಕಟ್ಟುವುದು.
ಐದು, ಒಂದೇ ಕಣ್ಣು ಔಷಧಕ್ಕೆ ಬಗ್ಗದೆ ಬಹುಕಾಲ ಕೆಂಪಾಗಿರುವುದು.
ಆರು, ರೆಪ್ಪೆಯ ಅಂಚು ಒಳಕ್ಕೋ ಹೊರಕ್ಕೋ ಸೊಟ್ಟಗಾಗುವುದು.
ಏಳು, ಕಿವಿಯ ಮುಂದೆ ಅಥವಾ ದವಡೆಯ ಕೆಳಗೆ ಗಡ್ಡೆ ಕೈಗೆ ಸಿಗುವುದು.

ರೆಪ್ಪೆಗೂದಲು ಉದುರುವುದನ್ನು ವೈದ್ಯರು ವಿಶೇಷವಾಗಿ ಗಮನಿಸುತ್ತಾರೆ. ಸಾಮಾನ್ಯ ಗಂಟು ಕೂದಲಿನ ಬೇರನ್ನು ತಳ್ಳಬಹುದು, ಕ್ಯಾನ್ಸರ್ ಅದನ್ನು ತಿಂದೇ ಬಿಡುತ್ತದೆ.

ಕತ್ತಿ ತಾಗಿದರೆ ಹರಡುವುದೆಂಬ ಭಯ

ಆಸ್ಪತ್ರೆಯಲ್ಲಿ ವೈದ್ಯರು ಸ್ಲಿಟ್ ಲ್ಯಾಂಪ್ ಎಂಬ ದೀಪದ ಸೂಕ್ಷ್ಮದರ್ಶಕದಲ್ಲಿ ರೆಪ್ಪೆಯನ್ನು ನೋಡುತ್ತಾರೆ; ರೆಪ್ಪೆಯನ್ನು ಮಗುಚಿ ಒಳಮೈಯನ್ನೂ ಪರೀಕ್ಷಿಸುತ್ತಾರೆ; ಕಿವಿಯ ಮುಂದೆ, ದವಡೆಯ ಕೆಳಗೆ, ಕತ್ತಿನಲ್ಲಿ ಗಡ್ಡೆಗಳಿವೆಯೇ ಎಂದು ಬೆರಳಿನಿಂದ ಒತ್ತಿ ನೋಡುತ್ತಾರೆ. ಆದರೆ ಎಂತಹ ಅನುಭವಿಯೂ ಕಣ್ಣಿನಿಂದ ನೋಡಿದ ಮಾತ್ರಕ್ಕೆ ಕೊನೆಯ ಮಾತು ಹೇಳಲಾರರು. ಅದನ್ನು ಹೇಳುವುದು ಬಯಾಪ್ಸಿ. ಮರಗಟ್ಟುವ ಸೂಜಿ ಕೊಟ್ಟು, ಗಂಟಿನ ಒಂದು ಚೂರನ್ನು ತೆಗೆದು, ಅದನ್ನು ತೆಳುವಾಗಿ ಹೆರೆದು ಬಣ್ಣ ಹಾಕಿ ಸೂಕ್ಷ್ಮದರ್ಶಕದಡಿ ಪರೀಕ್ಷಿಸುವುದೇ ಬಯಾಪ್ಸಿ.

ಈ ಹಂತದಲ್ಲಿಯೇ ಅನೇಕ ಮನೆಯವರು ಹಿಂಜರಿಯುವುದು. ‘ಗಂಟಿಗೆ ಕತ್ತಿ ತಾಗಿಸಿದರೆ ರೋಗ ಮೈಯೆಲ್ಲ ಹರಡುತ್ತದೆ’ ಎಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ಈ ನಂಬಿಕೆ ಹುಟ್ಟಿದ್ದಕ್ಕೂ ಒಂದು ಕಾರಣವಿದೆ. ರೋಗ ಬಲಿತ ಮೇಲೆ ಆಸ್ಪತ್ರೆಗೆ ಹೋದವರಿಗೆ ಚೂರು ತೆಗೆಯುವ ಹೊತ್ತಿಗಾಗಲೇ ಅದು ಹರಡಿರುತ್ತಿತ್ತು. ಕಂಡವರು ಕತ್ತಿಯನ್ನು ದೂರಿದರು. ರೆಪ್ಪೆಯ ಗಂಟಿನಿಂದ ಕ್ರಮಬದ್ಧವಾಗಿ ಚೂರು ತೆಗೆಯುವುದರಿಂದ ಕ್ಯಾನ್ಸರ್ ಮೈಯೆಲ್ಲ ಹರಡುವುದಿಲ್ಲ. ಹೆಸರು ತಿಳಿಯದ ರೋಗಕ್ಕೆ ಚಿಕಿತ್ಸೆ ಕೊಡುವುದಾದರೂ ಹೇಗೆ? ಇದಕ್ಕೆ ಸೇರಿದ ಇನ್ನೊಂದು ಎಚ್ಚರ: ಮರಳಿ ಎದ್ದ ಗಂಟನ್ನು ತೆಗೆಸುವಾಗ, ತೆಗೆದ ಚೂರನ್ನು ಪ್ರಯೋಗಾಲಯಕ್ಕೆ ಕಳುಹಿಸಬೇಕೆಂದು ವಿನಯವಾಗಿ ಕೇಳಿಕೊಳ್ಳಿ, ಅದರ ವರದಿಯನ್ನು ಪಡಿತರ ಚೀಟಿಯಷ್ಟೇ ಜೋಪಾನವಾಗಿಡಿ.

ಬಯಾಪ್ಸಿಯಲ್ಲಿ ಸೆಬೇಶಿಯಸ್ ಬಗೆಯೆಂದು ತಿಳಿದರೆ, ರೋಗವು ಕಣ್ಣಿನ ಬಿಳಿಭಾಗವನ್ನು ಹೊದ್ದ ಪೊರೆಯಲ್ಲಿ ಎಲ್ಲಿಯವರೆಗೆ ನುಸುಳಿದೆ ಎಂದು ತಿಳಿಯಲು ಹಲವು ಕಡೆಗಳಿಂದ ಚಿಕ್ಕ ಚಿಕ್ಕ ಚೂರುಗಳನ್ನು ತೆಗೆಯುವುದುಂಟು. ಆಳಕ್ಕೆ ಇಳಿದಿರುವ ಶಂಕೆಯಿದ್ದರೆ ಸಿಟಿ ಅಥವಾ ಎಂಆರ್‌ಐ ಚಿತ್ರ ತೆಗೆಸುತ್ತಾರೆ. ಕತ್ತಿನ ಗಡ್ಡೆಯನ್ನು ಸೂಜಿಯಿಂದ ಹೀರಿ ಪರೀಕ್ಷಿಸುತ್ತಾರೆ.

ಎಲ್ಲಿಗೆ ಹೋಗಬೇಕು?

ಚಿಖಲಿಯ ಉಪಜಿಲ್ಲಾ ಆಸ್ಪತ್ರೆ, ಮಡಗಾವ ಮತ್ತು ಮಾಪುಸಾದ ಜಿಲ್ಲಾ ಆಸ್ಪತ್ರೆಗಳು ನಮ್ಮವರಿಗೆ ಹತ್ತಿರದವು. ಅಲ್ಲಿಂದ ಮುಂದಿನ ದಾರಿ ಬಾಂಬೋಳಿಯ ಗೋವಾ ವೈದ್ಯಕೀಯ ಮಹಾವಿದ್ಯಾಲಯಕ್ಕೆ. ಪೋರ್ತುಗೀಸರ ಕಾಲದಲ್ಲಿ, 1842ರಲ್ಲಿ, ಪಣಜಿಯಲ್ಲಿ ಆರಂಭವಾದ ವೈದ್ಯಶಾಲೆಯೇ ಇದರ ಮೂಲ. ಏಷ್ಯಾದ ಹಳೆಯ ವೈದ್ಯಶಾಲೆಗಳಲ್ಲಿ ಇದೂ ಒಂದು. ಕಣ್ಣು, ಚರ್ಮ, ಅಂಗಾಂಶ ಪರೀಕ್ಷೆ ಈ ಮೂರು ವಿಭಾಗಗಳೂ ಅಲ್ಲಿವೆ. ಊರಿನ ಕಡೆಯ ಆಸರೆ ಬೇಕೆನ್ನುವವರಿಗೆ ಹುಬ್ಬಳ್ಳಿಯ ನವನಗರದ ಕ್ಯಾನ್ಸರ್ ಆಸ್ಪತ್ರೆ, ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆ, 1973ರಲ್ಲಿ ಸ್ಥಾಪಿತವಾದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ ಇವೆ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯೂ ಗೋವೆಯಿಂದ ಒಂದು ರಾತ್ರಿಯ ಪಯಣದ ದೂರದಲ್ಲಿದೆ.

ಖರ್ಚಿನ ಚಿಂತೆ ಅನೇಕರನ್ನು ಬಾಗಿಲಿನಲ್ಲಿಯೇ ತಡೆಯುತ್ತದೆ. ಗೋವಾ ಸರಕಾರ 2016ರಲ್ಲಿ ಆರಂಭಿಸಿದ ದೀನ ದಯಾಳ ಸ್ವಾಸ್ಥ್ಯ ಸೇವಾ ಯೋಜನೆಯು ಐದು ವರ್ಷಕ್ಕಿಂತ ಹೆಚ್ಚು ಕಾಲ ಇಲ್ಲಿ ವಾಸವಿರುವ ಕುಟುಂಬಗಳಿಗೆ ತೆರೆದಿದೆ. ಮೂವರವರೆಗಿನ ಕುಟುಂಬಕ್ಕೆ ವರ್ಷಕ್ಕೆ ಎರಡೂವರೆ ಲಕ್ಷ ರೂಪಾಯಿ, ಅದಕ್ಕಿಂತ ದೊಡ್ಡ ಕುಟುಂಬಕ್ಕೆ ನಾಲ್ಕು ಲಕ್ಷ ರೂಪಾಯಿ ಎಂದು ಯೋಜನೆಯಲ್ಲಿ ಗೊತ್ತುಮಾಡಲಾಯಿತು. ವಾಸದ ದಾಖಲೆಗಳನ್ನು ರೋಗ ಬಂದ ಮೇಲೆ ಹುಡುಕುವುದಕ್ಕಿಂತ ಈಗಲೇ ಸರಿಪಡಿಸಿಕೊಂಡು, ಮನೆಯ ಹಿರಿಯರ ಹೆಸರೂ ಕಾರ್ಡಿನಲ್ಲಿ ಸೇರಿದೆಯೇ ಎಂದು ನೋಡಿಕೊಳ್ಳುವುದು ಜಾಣತನ.

ಭಾಷೆಯ ತೊಡಕೂ ಸಣ್ಣದಲ್ಲ. ಕೊಂಕಣಿ, ಮರಾಠಿ, ಹಿಂದಿ ಬಾರದ ಅಜ್ಜ ಅಜ್ಜಿಯರ ಜೊತೆ ದುಭಾಷಿಗಳಾಗಿ ಹೋಗುವವರು ಅನೇಕ ವೇಳೆ ನಮ್ಮ ಶಾಲೆಯ ಮಕ್ಕಳೇ. ಅಂಥ ಮಕ್ಕಳಿಗೆ ಒಂದು ಕಾಗದದಲ್ಲಿ ಮೂರು ಸಂಗತಿ ಬರೆದುಕೊಡಿ: ಗಂಟು ಮೊದಲು ಕಂಡದ್ದು ಯಾವಾಗ, ಹಿಂದೆ ಎಷ್ಟು ಸಲ ತೆಗೆಸಲಾಗಿದೆ, ಈವರೆಗೆ ಹಾಕಿದ ಔಷಧಗಳು ಯಾವುವು. ಸರಿಯಾದ ರೋಗನಿರ್ಣಯಕ್ಕೆ ಈ ಮೂರು ಉತ್ತರಗಳು ಬಹಳ ನೆರವಾಗುತ್ತವೆ. ಕ್ಯಾನ್ಸರ್ ಎಂಬ ಸುದ್ದಿಯನ್ನು ಹಿರಿಯರಿಗೆ ತಿಳಿಸುವ ಭಾರವನ್ನು ಮಾತ್ರ ಮಕ್ಕಳ ಮೇಲೆ ಹೊರಿಸಬಾರದು. ಆ ದಿನ ದೊಡ್ಡವರೊಬ್ಬರು ಕೂಲಿ ಬಿಟ್ಟಾದರೂ ಜೊತೆಗಿರಬೇಕು.

ಚಿಕಿತ್ಸೆಯ ಬಗೆ

ರೆಪ್ಪೆಯ ಕ್ಯಾನ್ಸರಿಗೆ ಮುಖ್ಯ ಚಿಕಿತ್ಸೆ ಶಸ್ತ್ರಕ್ರಿಯೆಯೇ. ಗಂಟನ್ನೂ ಅದರ ಸುತ್ತಲಿನ ಕೆಲವು ಮಿಲಿಮೀಟರ್ ಆರೋಗ್ಯವಂತ ಅಂಚನ್ನೂ ಸೇರಿಸಿ ತೆಗೆಯಬೇಕು. ಬೇರೆಡೆಯಾದರೆ ಧಾರಾಳವಾಗಿ ಕತ್ತರಿಸಬಹುದು. ರೆಪ್ಪೆಯಲ್ಲಿ ಒಂದೊಂದು ಮಿಲಿಮೀಟರಿಗೂ ಬೆಲೆಯಿದೆ. ಈ ಇಕ್ಕಟ್ಟಿಗೆ ಪರಿಹಾರ ಕಂಡವರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಫ್ರೆಡರಿಕ್ ಮೋಸ್ ಪ್ರಮುಖರು. ತೆಳುವಾಗಿ ಒಂದು ಪದರ ತೆಗೆದು, ಅದರ ಅಂಚೆಲ್ಲವನ್ನೂ ಸೂಕ್ಷ್ಮದರ್ಶಕದಲ್ಲಿ ನೋಡಿ, ರೋಗ ಉಳಿದ ಕಡೆಯಲ್ಲಿ ಮಾತ್ರ ಮತ್ತೊಂದು ಪದರ ತೆಗೆಯುವ ವಿಧಾನವನ್ನು ಅವರು 1930ರ ದಶಕದಲ್ಲಿ ರೂಪಿಸಿದರು. ಮೊದಲು ಅಂಗಾಂಶಕ್ಕೆ ಔಷಧದ ಲೇಪ ಹಚ್ಚಿ ಕಾಯಬೇಕಾಗಿತ್ತು. 1953ರಲ್ಲಿ ರೆಪ್ಪೆಯ ಕ್ಯಾನ್ಸರಿನ ಶಸ್ತ್ರಕ್ರಿಯೆಯನ್ನು ಚಲನಚಿತ್ರವಾಗಿ ಸೆರೆಹಿಡಿಯುವಾಗ ಕಾಲ ಉಳಿಸಲೆಂದು ಅವರು ಲೇಪವಿಲ್ಲದೆಯೇ ಹಸಿ ಅಂಗಾಂಶವನ್ನು ಪರೀಕ್ಷಿಸಿದರು. ಅದು ಸಫಲವಾಗಿ, ಮುಂದೆ ಅದೇ ರೂಢಿಯಾಯಿತು. ಮೊದಲ ಬಾರಿಗೆ ಬಂದ ಬೇಸಲ್ ಸೆಲ್ ಕ್ಯಾನ್ಸರ್ ಈ ವಿಧಾನದಲ್ಲಿ ನೂರರಲ್ಲಿ ತೊಂಬತ್ತೈದಕ್ಕೂ ಹೆಚ್ಚು ಮಂದಿಗೆ ಮರಳುವುದಿಲ್ಲ. ಈ ಸೌಕರ್ಯವಿಲ್ಲದ ಕಡೆ, ಶಸ್ತ್ರಕ್ರಿಯೆ ನಡೆಯುತ್ತಿರುವಾಗಲೇ ಅಂಚಿನ ಚೂರುಗಳನ್ನು ಹೆಪ್ಪುಗಟ್ಟಿಸಿ ಪರೀಕ್ಷಿಸುವ ಕ್ರಮವಿದೆ.

ಆಮೇಲಿನ ಕೆಲಸ ರೆಪ್ಪೆಯನ್ನು ಮತ್ತೆ ಕಟ್ಟುವುದು. ರೆಪ್ಪೆಯ ಕಾಲುಭಾಗದವರೆಗೆ ಹೋಗಿದ್ದರೆ ಎರಡು ಅಂಚುಗಳನ್ನು ಎಳೆದು ಹೊಲಿದರೆ ಸಾಕು. ಅದಕ್ಕಿಂತ ಹೆಚ್ಚಾದರೆ ಪಕ್ಕದ ಕೆನ್ನೆಯ ಚರ್ಮವನ್ನು ಜಾರಿಸಿ ತರುತ್ತಾರೆ, ಅಥವಾ ಕಿವಿಯ ಹಿಂದಿನ ಚರ್ಮವನ್ನು ಕಸಿ ಮಾಡುತ್ತಾರೆ. ಕೆಳರೆಪ್ಪೆಯೇ ಬಹುಪಾಲು ಹೋಗಿದ್ದರೆ ಮೇಲ್ರೆಪ್ಪೆಯ ಒಳಪದರದಿಂದ ಸಾಲ ಪಡೆದು ಹೊಸ ರೆಪ್ಪೆ ಕಟ್ಟುವ ವಿಧಾನವನ್ನು 1937ರಲ್ಲಿ ವೆಂಡೆಲ್ ಹ್ಯೂಸ್ ವರ್ಣಿಸಿದರು. ಇದರಲ್ಲಿ ಕೆಲವು ವಾರ ಆ ಕಣ್ಣು ಮುಚ್ಚಿಯೇ ಇರುತ್ತದೆ. ರಕ್ತಸಂಚಾರ ಕುದುರಿದ ಮೇಲೆ ಬಿಡಿಸುತ್ತಾರೆ. ಮನೆಯವರಿಗೆ ಇದು ಮೊದಲೇ ತಿಳಿದಿದ್ದರೆ, ಕಣ್ಣು ಹೋಯಿತೆಂಬ ಗಾಬರಿ ತಪ್ಪುತ್ತದೆ.

ಶಸ್ತ್ರಕ್ರಿಯೆ ತಾಳಲಾರದ ವೃದ್ಧರಿಗೆ ವಿಕಿರಣ ಚಿಕಿತ್ಸೆ ಕೊಡುವುದುಂಟು; ಕಣ್ಣು ಒಣಗುವುದು, ರೆಪ್ಪೆಗೂದಲು ಉದುರುವುದು, ಕಾಲಾನಂತರ ಕಣ್ಣಿನ ಪೊರೆ ಬರುವುದು ಅದರ ಅಡ್ಡಪರಿಣಾಮಗಳು. ಬಹಳ ಬೆಳೆದ ಬೇಸಲ್ ಸೆಲ್ ಕ್ಯಾನ್ಸರಿಗೆ 2012ರಿಂದ ವಿಸ್ಮೋಡೆಗಿಬ್ ಎಂಬ ನುಂಗುವ ಔಷಧವೂ ಬಳಕೆಗೆ ಬಂದಿದೆ. ರೋಗ ಕಣ್ಣಿನ ಗೂಡಿಗೆ ಇಳಿದಿದ್ದರೆ ಮಾತ್ರ, ಜೀವ ಉಳಿಸುವ ಸಲುವಾಗಿ, ಕಣ್ಣುಗುಡ್ಡೆಯ ಸಮೇತ ಗೂಡಿನ ಅಂಗಾಂಶವನ್ನೆಲ್ಲ ತೆಗೆಯಬೇಕಾಗುತ್ತದೆ. ಗುಳ್ಳೆಯಿದ್ದಾಗಲೇ ಬಂದಿದ್ದರೆ ತಪ್ಪಿಸಬಹುದಾಗಿದ್ದ ನಷ್ಟವದು.

ಹೊಲಿಗೆ ಬಿಚ್ಚಿದ ದಿನ ಚಿಕಿತ್ಸೆ ಮುಗಿಯಿತೆಂದು ತಿಳಿಯಬಾರದು. ರೋಗ ಅದೇ ಜಾಗದಲ್ಲೋ ಕತ್ತಿನ ಗಡ್ಡೆಗಳಲ್ಲೋ ವರ್ಷಗಳ ಮೇಲೆ ಮರಳಬಹುದು. ಆದ್ದರಿಂದ ಕನಿಷ್ಠ ಐದು ವರ್ಷ, ವೈದ್ಯರು ಹೇಳಿದ ಅವಧಿಗೆ ತಪ್ಪದೆ ಹೋಗಿ ತೋರಿಸಬೇಕು. ಜಾತ್ರೆಗೆಂದೋ ಬಿತ್ತನೆಗೆಂದೋ ಊರಿಗೆ ಹೋಗುವವರು ಆ ದಿನಾಂಕಗಳನ್ನು ಕ್ಯಾಲೆಂಡರಿನಲ್ಲಿ ಗುರುತುಮಾಡಿಟ್ಟುಕೊಳ್ಳುವುದು ಲೇಸು.

ಮಕ್ಕಳಿಗೂ ಬರುವುದೇ?

ಮಕ್ಕಳ ರೆಪ್ಪೆಯ ಗುಳ್ಳೆ ಹೆಚ್ಚು ಕಡಿಮೆ ಯಾವಾಗಲೂ ಸಾಮಾನ್ಯ ಕುರುವೇ. ಒಂದು ಅಪವಾದವುಂಟು. ಜೆರೋಡರ್ಮ ಪಿಗ್ಮೆಂಟೋಸಮ್ ಎಂಬ ವಂಶಪಾರಂಪರ್ಯದ ಕಾಯಿಲೆಯಲ್ಲಿ, ಬಿಸಿಲಿನ ಪೆಟ್ಟನ್ನು ದುರಸ್ತಿಮಾಡುವ ಶಕ್ತಿಯೇ ಕೋಶಗಳಿಗೆ ಇರುವುದಿಲ್ಲ. ಎಳವೆಯಲ್ಲಿಯೇ ಮುಖದ ತುಂಬ ಕಂದು ಚುಕ್ಕೆಗಳು, ಬೆಳಕು ಸಹಿಸದ ಕಣ್ಣು, ತುಸು ಬಿಸಿಲಿಗೂ ಸುಡುವ ಚರ್ಮ ಇದರ ಗುರುತುಗಳು. ಹತ್ತು ವರ್ಷದೊಳಗೇ ಚರ್ಮದ ಕ್ಯಾನ್ಸರ್ ಬರಬಹುದು. ಸೋದರಮಾವ, ಅತ್ತೆಯ ಮಗ ಎಂದು ಹತ್ತಿರದ ನೆಂಟಸ್ತಿಕೆಯಲ್ಲಿ ಮದುವೆಯಾದವರ ಮಕ್ಕಳಲ್ಲಿ ಇಂಥ ಕಾಯಿಲೆಗಳ ಸಂಭವ ಹೆಚ್ಚು.

ಇನ್ನುಳಿದ ಮಕ್ಕಳಿಗೆ ಕಲಿಸಬೇಕಾದುದು ಬಿಸಿಲಿನ ಶಿಸ್ತು. ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗಿನ ಬಿಸಿಲಿನಲ್ಲಿ ಆಟ ಬೇಡ. ಸುತ್ತಲೂ ಅಗಲ ಅಂಚಿರುವ ಟೊಪ್ಪಿಗೆ ಇರಲಿ. ದುಡಿಯುವ ದೊಡ್ಡವರು ತಂಪುಕನ್ನಡಕ ಕೊಳ್ಳುವಾಗ ಕಪ್ಪು ಬಣ್ಣವನ್ನಷ್ಟೇ ನೋಡದೆ, ನೇರಳಾತೀತ ಕಿರಣಗಳನ್ನು ತಡೆಯುವ ಗಾಜೇ ಎಂದು ಕೇಳಬೇಕು. ಬರಿಯ ಕಪ್ಪು ಗಾಜಿನ ಹಿಂದೆ ಕಣ್ಣಿನ ಪಾಪೆ ಅರಳುವುದರಿಂದ ಹಾನಿಕಾರಕ ಕಿರಣಗಳು ಇನ್ನೂ ಹೆಚ್ಚಾಗಿ ಒಳನುಗ್ಗುತ್ತವೆ.

ಎಲ್ಲಕ್ಕಿಂತ ಮಿಗಿಲಾದ ಉಪಾಯಕ್ಕೆ ಹಣವೂ ಬೇಡ, ಯಂತ್ರವೂ ಬೇಡ. ವಾರಕ್ಕೊಮ್ಮೆ ಅಜ್ಜಿಯ ತಲೆ ಬಾಚುವಾಗ, ಅಜ್ಜನಿಗೆ ಪತ್ರಿಕೆ ಓದಿ ಹೇಳುವಾಗ, ಹಗಲ ಬೆಳಕಿನಲ್ಲಿ ಅವರ ಎರಡು ಕಣ್ಣುಗಳನ್ನೂ ಹೋಲಿಸಿ ನೋಡುವುದನ್ನು ಮಕ್ಕಳಿಗೆ ಕಲಿಸೋಣ. ಒಂದು ರೆಪ್ಪೆಯಲ್ಲಿ ಕೂದಲು ಕಡಿಮೆಯಾಗಿದೆಯೇ, ಹಿಂದಿನ ತಿಂಗಳ ಗುಳ್ಳೆ ಇನ್ನೂ ಇದೆಯೇ? ಹಿರಿಯರ ಮಂಜುಗಣ್ಣಿಗೆ ಕನ್ನಡಿಯಲ್ಲಿ ಕಾಣದಿರುವುದು ಮೊಮ್ಮಗಳ ಚುರುಕುಗಣ್ಣಿಗೆ ಕಂಡೀತು. ಕಂಡದ್ದನ್ನು ಆಕೆ ಹೇಳಿದಾಗ, ‘ವಯಸ್ಸಾದ ಮೇಲೆ ಇದೆಲ್ಲ ಇದ್ದದ್ದೇ’ ಎಂದು ತಳ್ಳಿಹಾಕದೆ ಮರುದಿನವೇ ಆಸ್ಪತ್ರೆಯ ಚೀಟಿ ಮಾಡಿಸುವುದು ದೊಡ್ಡವರ ಹೊಣೆ.